ಒಡೆಯರ ಹಟ್ಟಿ, ಅಪ್ಪಯ್ಯನ ಮಾಡು

ದೀಪಾವಳಿ ಕಳೆದ ಮರುವಾರ ಬೆಂಗಳೂರಿನಿಂದ ಒಂದು ಫೋನು ಬಂತು. ದೊಡ್ಡಮನೆಯ ಮೊಮ್ಮಗ. "ಟೀಚರ್, ನಮ್ಮ ಹಳೇ ಹಟ್ಟಿ ಇತ್ತಲ್ಲ, ಅದೇ ಪಂಚಾಂಗದ ಮೇಲೆ ಮತ್ತೆ ಹುಲ್ಲಿನ ಮಾಡಿನ ಹಟ್ಟಿ ಕಟ್ಟಿಸಬೇಕು ಅಂತಿದ್ದೇನೆ. ಹೋಂಸ್ಟೇಗೆ ಬಂದವರಿಗೆ ಹಾಲು ಕರೆಯೋದು, ಬೆಣ್ಣೆ ತೆಗೆಯೋದು ಎಲ್ಲ ತೋರಿಸಬಹುದು. ಆ ಮಾಡು ಹೇಗಿತ್ತು ಅಂತ ನಿಮಗೆ ಸ್ವಲ್ಪ ನೆನಪಿರಬಹುದಾ?"

ನೆನಪಿರಬಹುದಾ ಅಂದರೆ ಏನು ಹೇಳಲಿ? ಎಂಟು ವರ್ಷದವಳಿದ್ದಾಗಿನಿಂದ ಹದಿನೈದು ತುಂಬುವವರೆಗೆ ಪ್ರತಿ ಬೇಸಿಗೆಯಲ್ಲಿ ಆ ಮಾಡಿನ ಅಡಿಗೆ, ಅಟ್ಟದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಸೂಜಿ ನೂಕಿದವಳು ನಾನು. ಹೊರಗೆ, ಮಾಡಿನ ಮೇಲೆ ಇದ್ದದ್ದು ಅಪ್ಪಯ್ಯ.

ಬಾರ್ಕೂರಿನಿಂದ ಮಂದಾರ್ತಿ ಕಡೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಬೈಲು ನಮ್ಮದು. 'ನಮ್ಮದು' ಎಂದು ಈಗ ಹೇಳುತ್ತೇನೆ. ಆಗ ಬೈಲು, ಅದರ ಮೇಲಿನ ಮಜಲು, ಮಕ್ಕಿಗದ್ದೆ, ಅದರಾಚೆಯ ಹಾಡಿ, ಹಕ್ಲು ಎಲ್ಲ ದೊಡ್ಡಮನೆಯ ವರ್ಗಕ್ಕೆ, ಅಂದರೆ ಅವರ ಹೆಸರಿನ ಹಿಡುವಳಿಗೆ, ಸೇರಿದ್ದು. ನಾವು ಚಾಲಗೇಣಿ ಒಕ್ಕಲು. ಮೂಲಗೇಣಿಯವರಿಗೆ ತಲೆಮಾರಿನಿಂದ ತಲೆಮಾರಿಗೆ ಭೂಮಿಯ ಮೇಲೆ ಹಕ್ಕಿತ್ತು. ಚಾಲಗೇಣಿಯವರನ್ನು ಒಡೆಯರು ಬೇಡವೆಂದರೆ ಎಬ್ಬಿಸಬಹುದಿತ್ತು. ಅಪ್ಪಯ್ಯ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಗೇಣಿ ಅಳೆಯುತ್ತಿದ್ದ, ಮೇಲಿನಿಂದ ಕರೆದಾಗ ಹೋಗಿ ಮಾಡು ಹೊದಿಸುತ್ತಿದ್ದ. ಅಬ್ಬಿ, ಅಂದರೆ ನನ್ನ ತಾಯಿ, ಹಟ್ಟಿಯ ಕೆಲಸಕ್ಕೆ ಹೋಗುತ್ತಿದ್ದಳು.

ಬಯಲುಸೀಮೆಯ ಓದುಗರಿಗೆ ಒಂದು ಮಾತು. ನಿಮ್ಮಲ್ಲಿ ಹಟ್ಟಿ ಎಂದರೆ ಜನರಿರುವ ಕೇರಿ. ಗೊಲ್ಲರಹಟ್ಟಿ ಎಂಬ ಊರುಗಳೇ ಇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ನಮಗೆ ಹಟ್ಟಿ ಎಂದರೆ ಗಂಟಿ ಕಟ್ಟುವ ಜಾಗ. ಗಂಟಿ ಎಂದರೆ ದನ, ಎಮ್ಮೆ, ಕೋಣ ಎಲ್ಲವೂ. ಇದನ್ನು ಮೊದಲೇ ಹೇಳದಿದ್ದರೆ "ಅವರು ಹಟ್ಟಿಯಲ್ಲಿ ಹುಟ್ಟಿದವರು" ಎಂಬ ಮಾತಿಗೆ ಚಿತ್ರದುರ್ಗದಲ್ಲಿ ಒಂದು ಅರ್ಥ, ನಮ್ಮಲ್ಲಿ ಜಗಳ.

ದೊಡ್ಡಮನೆಯ ಹಟ್ಟಿ ಅಂಗಳದ ತೆಂಕು ಬದಿಗೆ ಉದ್ದಕ್ಕೆ ಇತ್ತು. ಮುರಕಲ್ಲಿನ ಅರ್ಧ ಗೋಡೆ, ಅದರ ಮೇಲೆ ಗಾಳಿಯಾಡಲು ಬಿಟ್ಟ ಬಿದಿರಿನ ಗಳಗಳ ಸಾಲು. ಮಧ್ಯದಲ್ಲಿ ನಡೆಯುವ ದಾರಿ, ಎರಡು ಬದಿಗೆ ಗಂಟಿ. ಒಂದು ಮೂಲೆಯಲ್ಲಿ ಕಂಬಳದ ಜೋಡಿ ಕೋಣಗಳಿಗೆ ಬೇರೆಯೇ ಅಡ್ಡಗಟ್ಟು. ಅವಕ್ಕೆ ಹುರುಳಿ ಬೇಯಿಸಿ ಹಾಕುತ್ತಿದ್ದರು, ಆ ವಾಸನೆಗೆ ನಮ್ಮ ಬಾಯಲ್ಲಿ ನೀರು ಬರುತ್ತಿತ್ತು. ಬಾಗಿಲ ಹತ್ತಿರ ಅಕ್ಕಚ್ಚು ಹೊಯ್ಯುವ ಕಲ್ಲಿನ ಮರಿಗೆ. ಮೇಲೆ ಇಡೀ ಉದ್ದಕ್ಕೂ ಅಟ್ಟ, ಅಟ್ಟದ ತುಂಬ ಒಣಹುಲ್ಲು. ಅದರ ಮೇಲೆ ಮುಳಿಹುಲ್ಲಿನ ಮಾಡು.

ಈ ಹಟ್ಟಿಯ ನೆಲ ಅಂಗಳಕ್ಕಿಂತ ಎರಡು ಮೊಳ ತಗ್ಗು. ಇದನ್ನು ನೋಡಿ ಹೊರಗಿನವರು ಗಲೀಜು ಎನ್ನುತ್ತಾರೆ. ಅದೊಂದು ಲೆಕ್ಕಾಚಾರ. ಅಬ್ಬಿ ಪ್ರತಿದಿನ ಹಾಡಿಯಿಂದ ಸೊಪ್ಪು ತಂದು ಹಾಸುತ್ತಿದ್ದಳು, ಬೇಸಿಗೆಯಲ್ಲಿ ದರಲೆ, ಅಂದರೆ ಒಣಗಿದ ಎಲೆ. ಗಂಟಿ ತುಳಿದು, ಸಗಣಿ ಗಂಜಲ ಸೇರಿ, ಪದರದ ಮೇಲೆ ಪದರ ಏರುತ್ತಾ ನೆಲ ಅಂಗಳದ ಮಟ್ಟಕ್ಕೆ ಬರುವ ಹೊತ್ತಿಗೆ ಗೊಬ್ಬರ ಹೊರುವ ಕಾಲವೂ ಬರುತ್ತಿತ್ತು. ಸೊಪ್ಪು ಕೊಳೆಯುವಾಗ ಬಿಸಿ ಹುಟ್ಟುತ್ತದೆ. ಆಟಿಯ ಮಳೆಯಲ್ಲಿ, ಹೊರಗೆ ಹಲ್ಲು ಕಡಿಯುವ ಥಂಡಿ ಇದ್ದಾಗ, ಹಟ್ಟಿಗೆ ಕಾಲಿಟ್ಟರೆ ಪಾದಕ್ಕೆ ಹಿತವಾಗುತ್ತಿತ್ತು. ನಮ್ಮ ಮನೆಯ ನೆಲಕ್ಕಿಂತ ಒಡೆಯರ ಹಟ್ಟಿ ಬೆಚ್ಚಗೆ ಎಂದು ನನಗೆ ಆರು ವರ್ಷಕ್ಕೇ ಗೊತ್ತಿತ್ತು.

ಇಷ್ಟು ಸೊಪ್ಪು, ಇಷ್ಟು ಮುಳಿ ಎಲ್ಲಿಂದ? ಇದಕ್ಕೆ ಉತ್ತರ ಕಂದಾಯದ ಕಡತದಲ್ಲಿದೆ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹಳೆಯ ವರ್ಗದಾರರಿಗೆ ಕುಮ್ಕಿ ಎಂಬ ಸವಲತ್ತಿತ್ತು. ಸಾಗುವಳಿ ಭೂಮಿಯ ಎಲ್ಲೆಯಿಂದ ನೂರು ಗಜದವರೆಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು ತರಿಯಬಹುದು, ಹುಲ್ಲು ಕೊಯ್ಯಬಹುದು, ಗಂಟಿ ಮೇಯಿಸಬಹುದು. ಭೂಮಿಯ ಒಡೆತನ ಸರ್ಕಾರದ್ದು, ಅನುಭೋಗ ವರ್ಗದಾರರದ್ದು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದವಳು. ಕರಾವಳಿಯ ಕೃಷಿ ಎಂದರೆ ಗದ್ದೆ ಎಂದೇ ಪುಸ್ತಕದಲ್ಲಿರುತ್ತಿತ್ತು. ಒಂದು ಗದ್ದೆಯ ಬೆನ್ನ ಹಿಂದೆ ಒಂದು ಹಟ್ಟಿ, ಹಟ್ಟಿಯ ಬೆನ್ನ ಹಿಂದೆ ಒಂದು ಹಾಡಿ ಇದ್ದರೇ ಬತ್ತ ಎಂದು ನಾನು ಸೇರಿಸಿ ಹೇಳುತ್ತಿದ್ದೆ. ಪರೀಕ್ಷೆಗೆ ಬರುವುದಿಲ್ಲ ಎಂದು ಮಕ್ಕಳು ಬರೆದುಕೊಳ್ಳುತ್ತಿರಲಿಲ್ಲ.

ಇನ್ನು ಮಾಡಿನ ವಿಷಯ. ಮುಳಿಹುಲ್ಲು ಗದ್ದೆಯಲ್ಲಿ ಬೆಳೆಯುವುದಲ್ಲ, ಗುಡ್ಡೆಯ ಇಳಿಜಾರಿನಲ್ಲಿ ಆಳೆತ್ತರಕ್ಕೆ ಬರುತ್ತದೆ. ಹಸಿರು ಇರುವಾಗ ಕೊಯ್ದರೆ ಮಾಡಿನ ಮೇಲೆ ಕೊಳೆಯುತ್ತದೆ, ತೀರ ಒಣಗಿದರೆ ಮುರಿಯುತ್ತದೆ. ಬತ್ತದ ಕೊಯ್ಲು ಮುಗಿದ ಮೇಲೆ, ಬೆಳಿಗ್ಗೆ ಇಬ್ಬನಿಯಲ್ಲಿ ಹುಲ್ಲು ಮೆತ್ತಗಿರುವಾಗಲೇ ಕೊಯ್ಯಬೇಕು. ಕೈಗೆ ಬಟ್ಟೆ ಸುತ್ತದೆ ಹಿಡಿದರೆ ಅಂಗೈ ಗೀರಿಹೋಗುತ್ತದೆ. ಸೂಡಿ ಕಟ್ಟಿ ಮರದಡಿ ಒಟ್ಟಿಟ್ಟರೆ ಹೊದಿಸುವುದು ಏಪ್ರಿಲಿನಲ್ಲಿ.

ಮೊದಲು ಹಳೆಯ ಹುಲ್ಲು ಕೆಡಹಬೇಕು. ಇದು ಎಲ್ಲಕ್ಕಿಂತ ಕೆಟ್ಟ ಕೆಲಸ. ಹೊಗೆಯ ಮಸಿ, ಇಲಿಯ ಗೂಡು, ಚೇಳು, ಕೆಲವೊಮ್ಮೆ ಕೇರೆ ಹಾವು, ಎಲ್ಲ ತಲೆಯ ಮೇಲೆ ಉದುರುತ್ತದೆ. ಆಮೇಲೆ ಸೂರಿನಿಂದ ಆರಂಭ. ಕೆಳಗಿನ ಸಾಲಿನ ಮೇಲೆ ಮೇಲಿನ ಸಾಲು ಮುಕ್ಕಾಲು ಪಾಲು ಕೂರಬೇಕು, ಹೀಗೆ ನೆತ್ತಿಯವರೆಗೆ. ಹೊರಗಿನವನು ಹುಲ್ಲಿನ ಮೇಲೆ ಬಿದಿರಿನ ಸಲಾಕೆ ಅಡ್ಡ ಒತ್ತಿ ಹಿಡಿದು, ಮೊಳದುದ್ದದ ಬಿದಿರಿನ ಸೂಜಿಗೆ ಹಗ್ಗ ಪೋಣಿಸಿ ಒಳಕ್ಕೆ ಚುಚ್ಚುತ್ತಾನೆ. ಒಳಗಿನವರು ಅದನ್ನು ಪಕಾಸಿನ ಸುತ್ತ ತಂದು ಮತ್ತೆ ಹೊರಕ್ಕೆ ನೂಕಬೇಕು. ಒಳಗೆ ಕತ್ತಲು. ಸೂಜಿ ಎಲ್ಲಿ ಹೊಕ್ಕೀತೆಂದು ತಿಳಿಯದು. ನನ್ನ ಎಡಗಣ್ಣಿನ ಪಕ್ಕದಲ್ಲಿ ಇವತ್ತಿಗೂ ಒಂದು ಗುರುತಿದೆ. ಮೇಲಿನಿಂದ ಅಪ್ಪಯ್ಯನ ಸ್ವರ ಕೇಳುತ್ತಿತ್ತು: "ಹೆಣೆ, ಬಿಗಿ ಹಿಡಿ. ಸಡ್ಲ ಬಿಟ್ರೆ ಮಿರ್ಗದ ಗಾಳಿ ನಿನ್ನನ್ನೇ ಕೇಂತ್."

ಒಳ್ಳೆಯ ಮುಳಿ ಎರಡು ಮಳೆಗಾಲ ತಾಳುತ್ತದೆ. ಪಡುಬದಿ ಮಾತ್ರ ಪ್ರತಿ ವರ್ಷ ಹೊಸತು ಕೇಳುತ್ತದೆ. ಸಮುದ್ರದ ಕಡೆಯಿಂದ ಅಡ್ಡಡ್ಡ ಹೊಡೆಯುವ ಮಳೆ ಅದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರಿನಲ್ಲಿ ಹುಲ್ಲು ನೀರನ್ನು ತಡೆಯುವುದಿಲ್ಲ, ಜಾರಿಸುತ್ತದೆ. ಹಾಗಾಗಿ ಮಾಡು ಕಡಿದಾಗಿರಬೇಕು, ಸೂರು ಮೊಣಕಾಲಿನ ಮಟ್ಟಕ್ಕೆ ಇಳಿದಿರಬೇಕು. ಹಟ್ಟಿಗೆ ಹೋಗುವವರೆಲ್ಲ, ಒಡೆಯರೂ ಸೇರಿ, ತಲೆ ತಗ್ಗಿಸಿಯೇ ಹೋಗುತ್ತಿದ್ದರು. ನನಗೆ ಆ ಮಾಡಿನಲ್ಲಿ ಇಷ್ಟವಾದ ಒಂದು ಸಂಗತಿ ಅದು.

ಸಂಜೆ ಹಟ್ಟಿಯ ಬಾಗಿಲಲ್ಲಿ ಹಸಿಸೊಪ್ಪು, ತೆಂಗಿನ ಸಿಪ್ಪೆ ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಸೊಳ್ಳೆ, ಉಣುಗು ಓಡಿಸಲು. ಆ ಹೊಗೆ ಅಟ್ಟ ಹತ್ತಿ, ಹುಲ್ಲಿನ ಸಂದಿನಲ್ಲೆಲ್ಲ ಸುಳಿದು, ಮಾಡಿಗೆ ಹುಳು ಹಿಡಿಯದಂತೆ ಕಾಯುತ್ತಿತ್ತು. ಗಂಟಿ ಇಲ್ಲದ ಹಟ್ಟಿಯ ಮಾಡು ಬೇಗ ಕುಸಿಯುವುದು ಈ ಕಾರಣಕ್ಕೆ. ಬೆಂಗಳೂರಿನ ಹುಡುಗನಿಗೆ ಇದನ್ನು ಎರಡು ಸಲ ಹೇಳಿದೆ: ವಾರದ ಕೊನೆಗೆ ಮಾತ್ರ ದನ ತಂದು ಕಟ್ಟಿದರೆ ಆಗುವುದಿಲ್ಲ ಮಾರಾಯ.

ಹಾಲು? ಅದು ಹಟ್ಟಿಯಿಂದ ನೇರ ಒಳಗೆ ಹೋಗುತ್ತಿತ್ತು. ನಮ್ಮ ಕಡೆ ಹಾಲಿಗೆಂದೇ ಬೇರೆ ಕಟ್ಟಡ ಕಟ್ಟಿದವರಿಲ್ಲ. ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ಒಂದು ಕಡೆಯುವ ಕಂಬ, ಮಾಡಿನಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲಿನ ಗಡಿಗೆ, ಬೆಣ್ಣೆಯ ಭರಣಿ, ಅಷ್ಟೇ. ಉಡುಪಿಯ ಕೃಷ್ಣನ ಕೈಯಲ್ಲಿ ಕಡೆಗೋಲು ಮತ್ತು ಹಗ್ಗ ಇರುವುದನ್ನು ನೋಡಿದವರಿಗೆ ಈ ಊರಿನಲ್ಲಿ ಕಡೆಯುವ ಕೆಲಸಕ್ಕೆ ಎಷ್ಟು ಮರ್ಯಾದೆ ಎಂದು ಹೇಳಬೇಕಾಗಿಲ್ಲ. ಆಗ ಇದ್ದದ್ದು ಊರ ದನ, ಈಗ ಪುಸ್ತಕಗಳು ಮಲೆನಾಡು ಗಿಡ್ಡ ಎನ್ನುವ ತಳಿ. ಸೊಂಟದೆತ್ತರ, ಗುಡ್ಡೆ ಹತ್ತಿ ತಾನೇ ಮೇದು ಬರುವ ಜಾತಿ. ಒಂದು ದನ ದಿನಕ್ಕೆ ಒಂದೆರಡು ಲೀಟರು ಕೊಟ್ಟರೆ ದೊಡ್ಡದು. ಇಪ್ಪತ್ತು ಗಂಟಿಯ ಹಟ್ಟಿಯಲ್ಲಿ ಕರೆಯುವವು ಐದಾರು. ಅಂದರೆ ಆ ಹಟ್ಟಿ ಇದ್ದದ್ದು ಮುಖ್ಯವಾಗಿ ಗೊಬ್ಬರಕ್ಕೆ ಮತ್ತು ಉಳುಮೆಗೆ. ಹಾಲು, ಬೆಣ್ಣೆ ಅದರ ಮೇಲುಲಾಭ. ಹೋಂಸ್ಟೇಯವರು ಇದನ್ನು ತಲೆಕೆಳಗು ಮಾಡುತ್ತಿದ್ದಾರೆ, ಮಾಡಲಿ.

ಬೆಣ್ಣೆ ತೆಗೆದ ಮೇಲಿನ ಮಜ್ಜಿಗೆ ನಮ್ಮ ಪಾಲು. ನಾನು ಹಿಂಬಾಗಿಲಲ್ಲಿ ನಿಂತು, "ಮಜ್ಗಿಗೆ ಗಿಂಡಿ ತಂದ್ಯಾ ಹೆಣೆ?" ಎಂದು ದೊಡ್ಡಮನೆಯ ಅಮ್ಮ ಕೇಳುವವರೆಗೆ ಕಾಯಬೇಕು. ಅವರು ಎತ್ತರದಿಂದ ಹೊಯ್ಯುತ್ತಿದ್ದರು, ಗಿಂಡಿಗೆ ಪಾತ್ರೆ ತಾಗದ ಹಾಗೆ. ಒಳ್ಳೆಯ ಹೆಂಗಸು, ಕೈ ಬಿಟ್ಟು ಹೊಯ್ದವರು. ಅಬ್ಬಿಯ ಬಾಣಂತನಕ್ಕೆ ತುಪ್ಪ ಕಳುಹಿಸಿದವರು. ಆದರೆ ಅಬ್ಬಿ ಸೊಪ್ಪು ಹಾಸಿದ, ಅಪ್ಪಯ್ಯ ಮಾಡು ಹೊದಿಸಿದ ಹಟ್ಟಿಯ ಹಾಲನ್ನು ನಾನು ಹಾಲಾಗಿಯೇ ಕುಡಿದದ್ದು ವರ್ಷಕ್ಕೊಂದು ಸಲ, ಗೋಪೂಜೆಯ ದಿನ. ಅಂದು ಗಂಟಿಯ ಮೈಗೆ ಸುಣ್ಣ, ಜೇಡಿಯಲ್ಲಿ ಸಿದ್ದೆಯ ಅಚ್ಚು ಹಾಕಿ, ಕೊರಳಿಗೆ ಹೂವು ಕಟ್ಟಿ, ಹಟ್ಟಿಗೆ ದೀಪ ತೋರಿಸಿ, ಎಲ್ಲರಿಗೂ ಪಾಯಸ.

ಒಂಬತ್ತನೇ ತರಗತಿಗೆ ಫ್ರೆಂಚ್ ಕ್ರಾಂತಿ ಪಾಠ ಮಾಡುವಾಗ ಈ ಹಟ್ಟಿ ನನಗೆ ನೆನಪಾಗದ ವರ್ಷವಿಲ್ಲ. ವರ್ಸೇಲ್ಸ್ ಅರಮನೆಯ ತೋಟದಲ್ಲಿ ರಾಣಿ ಮಾರಿ ಆಂಟೊನೆಟ್ 1783ರಿಂದ ರಿಶಾರ್ ಮಿಕ್ ಎಂಬ ವಾಸ್ತುಶಿಲ್ಪಿಯಿಂದ ಒಂದು ಆಟದ ಹಳ್ಳಿ ಕಟ್ಟಿಸಿದಳು. ಕೆರೆ, ಗಿರಣಿ, ಹುಲ್ಲಿನ ಮಾಡಿನ ಗುಡಿಸಲುಗಳು, ದನಗಳು. ಹಾಲಿಗೆ ಎರಡು ಮನೆ: ಒಂದರಲ್ಲಿ ಆಳುಗಳು ಕಡೆದು ಬೆಣ್ಣೆ, ಕೆನೆ ಸಿದ್ಧಮಾಡುವುದು, ಇನ್ನೊಂದರಲ್ಲಿ ಅಮೃತಶಿಲೆಯ ಮೇಜಿನ ಮೇಲಿಟ್ಟು ರಾಣಿ ಮತ್ತು ಅವಳ ಅತಿಥಿಗಳು ರುಚಿ ನೋಡುವುದು. ಹತ್ತು ವರ್ಷಕ್ಕೆ, 1793ರ ಅಕ್ಟೋಬರಿನಲ್ಲಿ, ಅವಳ ತಲೆ ಹೋಯಿತು. ಹಳ್ಳಿ ಉಳಿಯಿತು, ಇಂದಿಗೂ ಜನ ಟಿಕೆಟು ಕೊಂಡು ನೋಡುತ್ತಾರೆ. ಕೆಲಸ ಮಾಡುತ್ತಿದ್ದ ಹಾಲಿನ ಮನೆಯನ್ನು ನೆಪೋಲಿಯನ್ನನ ಕಾಲದಲ್ಲಿ ಕೆಡವಿದರು. ರುಚಿ ನೋಡುತ್ತಿದ್ದ ಹಾಲಿನ ಮನೆ ಇನ್ನೂ ಇದೆ. ಮಕ್ಕಳಿಗೆ ಇಷ್ಟನ್ನು ಹೇಳಿ ನಾನು ಸುಮ್ಮನಾಗುತ್ತಿದ್ದೆ.

ನಮ್ಮಲ್ಲಿ ತಲೆ ಹೋಗಲಿಲ್ಲ, ಗೇಣಿ ಹೋಯಿತು. 1974ರ ಮಾರ್ಚ್ ಒಂದರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು, ದೇವರಾಜ ಅರಸು ಮುಖ್ಯಮಂತ್ರಿ. ಗೇಣಿಯ ಭೂಮಿ ಒಕ್ಕಲಿನ ಹೆಸರಿಗಾಗಬೇಕಾದರೆ ಏಳನೇ ನಂಬರಿನ ಫಾರಂ ತುಂಬಿ ಡಿಕ್ಲರೇಶನ್ ಹಾಕಬೇಕು ಎಂದು ಊರೆಲ್ಲ ಮಾತು. ಅಪ್ಪಯ್ಯ ಎರಡು ತಿಂಗಳು ಯೋಚಿಸಿದ. ಆ ಏಪ್ರಿಲಿನಲ್ಲಿ ಮಾಡು ಹೊದಿಸಲು ಕರೆ ಬಂದಾಗ ಹೋದ, ನನ್ನನ್ನೂ ಕರೆದುಕೊಂಡು ಹೋದ. ಕೊನೆಯ ಸಾಲು ಕಟ್ಟಿ ಇಳಿದು, ಕೈಕಾಲು ತೊಳೆದು, ಅಂಗಳದಲ್ಲಿ ನಿಂತು ಹೇಳಿದ: "ಒಡೇರೆ, ನಾನೂ ಫಾರಂ ಹಾಕ್ತೆ." ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಪಡುಬದಿ ಗಟ್ಟಿ ಕಟ್ಟಿದ್ಯಾ?" ಎಂದು ಕೇಳಿದರು. "ಕಟ್ಟಿದೆ" ಎಂದ ಅಪ್ಪಯ್ಯ. ಅವರಿಬ್ಬರ ನಡುವಿನ ಕೊನೆಯ ಮಾತು ಅದು. ಭೂನ್ಯಾಯ ಮಂಡಳಿಯಲ್ಲಿ ಎದುರುಬದುರು ಕೂತಾಗಲೂ ಮಾತಾಡಲಿಲ್ಲ.

ಆ ಮಾಡು ಎರಡು ಮಳೆಗಾಲ ನಿಂತಿತು. ಆಮೇಲೆ ಹಂಚು ಬಂತು. ಹಂಚು ನಮಗೆ ಹೊಸತೇನಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಿಧಾನಕ್ಕೆ ಕರಾವಳಿಯ ಉದ್ದಕ್ಕೂ ಕೆಂಪು ಮಾಡುಗಳು ಬಂದವು, ಕುಂದಾಪುರದಲ್ಲೂ ಕಾರ್ಖಾನೆಗಳಾದವು. ದೊಡ್ಡವರ ಮನೆಗೆ ಮೊದಲು ಹಂಚು, ಹಟ್ಟಿಗೆ ಕೊನೆಗೆ. ಅದಕ್ಕೆ ಕಾರಣ ಬಡತನವಲ್ಲ; ಹುಲ್ಲು ಕುಮ್ಕಿಯದು, ಹೊದಿಸುವ ಕೈ ಒಕ್ಕಲಿನದು, ಎರಡೂ ಹೆಚ್ಚುಕಡಿಮೆ ಪುಕ್ಕಟೆ. ಕೈಗೆ ಕೂಲಿ ಕೊಡಬೇಕು ಎಂದಾದ ದಿನ ಹುಲ್ಲಿನ ಮಾಡು ಹಂಚಿಗಿಂತ ದುಬಾರಿಯಾಯಿತು. 'ನಮ್ಮ ಹಿರಿಯರು ಪ್ರಕೃತಿಯೊಂದಿಗೆ ಹೇಗೆ ಬಾಳುತ್ತಿದ್ದರು' ಎಂದು ಭಾಷಣ ಮಾಡುವವರು ಈ ಲೆಕ್ಕವನ್ನು ಬಿಟ್ಟು ಮಾತಾಡುತ್ತಾರೆ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ವಿಜಯನಾಥ ಶೆಣೈ ಅವರು ಬೀಳುತ್ತಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಜಾಗ. ನಮ್ಮ ಕುಂದಾಪುರ ಕಡೆಯ ಹರ್ಕೂರು ಒಳಗಿನ ಮನೆಯೂ ಅಲ್ಲಿದೆ. ಅದು ದೊಡ್ಡ ಕೆಲಸ, ಕೈಮುಗಿದೆ. ಕೆತ್ತಿದ ಕಂಬಕ್ಕೆ ನಂಬರು ಬರೆದು ಲಾರಿಯಲ್ಲಿ ಸಾಗಿಸಬಹುದು. ಹುಲ್ಲಿನ ಮಾಡನ್ನು ಸಾಗಿಸಲು ಬರುವುದಿಲ್ಲ, ಹೊದಿಸುವವನನ್ನೇ ಸಾಗಿಸಬೇಕು.

ನಮ್ಮ ಮನೆಯ ಹಾಲಿನ ಕಥೆ ಬೇರೆ ದಾರಿ ಹಿಡಿಯಿತು. 1970ರ ದಶಕದಲ್ಲಿ ಟಿ.ಎ. ಪೈ ಅವರ ಮುಂದಾಳುತನದಲ್ಲಿ ಮಣಿಪಾಲದಲ್ಲಿ ಕೆಮುಲ್ ಎಂಬ ಹಾಲಿನ ಒಕ್ಕೂಟವಾಯಿತು. 1986ರಲ್ಲಿ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ. ಅದಕ್ಕೂ ಮೊದಲೇ ನಮ್ಮೂರಿಗೆ ಸೊಸೈಟಿ ಬಂದಿತ್ತು. ಜನ ಅದನ್ನು 'ಡೈರಿ' ಎಂದೇ ಕರೆದರು, ಈಗಲೂ ಹಾಗೇ. ಅಬ್ಬಿ ಬ್ಯಾಂಕಿನ ಸಾಲದಲ್ಲಿ ಒಂದು ಜರ್ಸಿ ಮಿಶ್ರತಳಿ ತಂದಳು. ದೊಡ್ಡಮನೆಯ ಐದು ಊರ ದನ ಕೊಡುತ್ತಿದ್ದಷ್ಟು ಹಾಲು ನಮ್ಮ ಒಂದೇ ದನ ಕೊಟ್ಟಿತು. ಡೈರಿಯಲ್ಲಿ ಹಾಲು ಅಳೆದು, ಡಿಗ್ರಿ ನೋಡಿ, ಫ್ಯಾಟ್ ಬರೆದು ಪುಸ್ತಕ ಕೊಟ್ಟಾಗ ಅದರ ಮೇಲೆ ಅಬ್ಬಿಯ ಹೆಸರಿತ್ತು. ಗಂಡನ ಹೆಸರಲ್ಲ, ಒಡೆಯರ ಹೆಸರಲ್ಲ. ಓದಲು ಬಾರದ ಅಬ್ಬಿ ಅದನ್ನು ದೇವರ ಮಣೆಯ ಹತ್ತಿರ ಇಟ್ಟಿದ್ದಳು. ನನ್ನ ಕಾಲೇಜಿನ ಫೀಸು ಆ ಪುಸ್ತಕದಿಂದಲೇ ಬಂದದ್ದು.

ಹಾಗೆಂದು ಹೊಸದೆಲ್ಲ ಹಿತ ಎನ್ನಲಾರೆ. ನನ್ನ ಈಗಿನ ಹಟ್ಟಿ ಸಿಮೆಂಟು ನೆಲ, ರಬ್ಬರ್ ಮ್ಯಾಟು, ತಗಡಿನ ಮಾಡು. ಎರಡು ಎಚ್.ಎಫ್. ಮಿಶ್ರತಳಿ ದನ. ಹಾಲು ಕರೆಯುವ ಎಚ್.ಎಫ್. ದನಕ್ಕೆ 25-26 ಡಿಗ್ರಿ ದಾಟಿದರೆ ಸೆಖೆ ಶುರು. ನಮ್ಮಲ್ಲಿ ಮಾರ್ಚಿನಲ್ಲೇ 33-34. ಅದರ ಮೇಲೆ ಸಮುದ್ರದ ಬದಿಯ ಒದ್ದೆ ಗಾಳಿ. ಮಧ್ಯಾಹ್ನ ಅವು ಬಾಯಿ ತೆರೆದು ಏದುಸಿರು ಬಿಡುವುದನ್ನು ನೋಡಲಾಗದೆ ಎರಡು ಫ್ಯಾನು ಹಾಕಿದೆ, ಕರೆಂಟು ಹೋದರೆ ಅದೂ ಇಲ್ಲ. ಮೂರು ವರ್ಷದ ಹಿಂದೆ ತಗಡಿನ ಮೇಲೆ ಹೆಣೆದ ಮಡಲು ಹಾಸಿದೆ, ಎರಡು ಪದರ. ಮಧ್ಯಾಹ್ನ ಕೈಯೆತ್ತಿ ತಗಡು ಮುಟ್ಟಿದರೆ ಈಗ ಸುಡುವುದಿಲ್ಲ. ಆ ಬೇಸಿಗೆಯಲ್ಲಿ ಹಾಲು ಹಿಂದಿನಷ್ಟು ಇಳಿಯಲಿಲ್ಲ ಎಂದು ನನ್ನ ಡೈರಿ ಪುಸ್ತಕ ಹೇಳುತ್ತದೆ. ಅಪ್ಪಯ್ಯನ ಮುಳಿಯ ಮಾಡಿನಡಿ ಬೇಸಿಗೆಯ ಮಧ್ಯಾಹ್ನವೂ ದನ ತಣ್ಣಗೆ ಮೆಲುಕು ಹಾಕುತ್ತಿದ್ದುದು ಯಾಕೆಂದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ಹುಲ್ಲಿನ ಎಳೆ ಎಳೆಯ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ, ಅದರ ಕೆಳಗೆ ಅಟ್ಟದ ಒಣಹುಲ್ಲು ಇನ್ನೊಂದು ಮಾಡು. ಬಿಸಿಲು ಇಷ್ಟನ್ನು ದಾಟಿ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ.

ಡಿಸೆಂಬರಿನಲ್ಲಿ ಹುಡುಗ ಬಂದ. ಹಟ್ಟಿ ಇದ್ದ ಜಾಗ ತೋರಿಸಿದೆ. ಹಂಚಿನ ಮಾಡೂ ಬಿದ್ದು ವರ್ಷಗಳಾಗಿವೆ. ಉಳಿದದ್ದು ಅರ್ಧ ಗೋಡೆ, ತಗ್ಗು ನೆಲ, ಕಲ್ಲಿನ ಮರಿಗೆ. ನೆಲವನ್ನು ಮಣ್ಣು ತುಂಬಿ ಸಮ ಮಾಡಬೇಕು ಎಂದ. ಬೇಡ ಎಂದೆ, ಯಾಕೆಂದು ಮೇಲೆ ಹೇಳಿದ್ದನ್ನೆಲ್ಲ ಹೇಳಿದೆ. ಸೂರು ಇಷ್ಟು ಕೆಳಗೆ ಬಂದರೆ ಅತಿಥಿಗಳ ತಲೆ ತಾಗುತ್ತದಲ್ಲ ಎಂದ. ತಗ್ಗಿಸಲಿ ಎಂದೆ. ಅವನಿಗೆ ನಗು ಬಂತು, ನನಗೂ. ಹೊರಡುವಾಗ ಕೇಳಿದ: "ನಿಮ್ಮ ತಂದೆಯವರಿಗೆ ಆಗ ಎಷ್ಟು ಕೊಡುತ್ತಿದ್ದರು?" ಒಂದು ಊಟ, ಎಲೆಅಡಿಕೆ, ಮುಗಿದ ದಿನ ಒಂದು ಸೇರು ಅಕ್ಕಿ ಎಂದೆ. ಅವನು ತಲೆ ತಗ್ಗಿಸಿ, ಈಗಿನ ಮೇಸ್ತ್ರಿಗೆ ಕೊಡುವಷ್ಟೇ ದಿನಗೂಲಿ ಕೊಡುತ್ತೇನೆ, ನೀವೇ ಆಳು ಹುಡುಕಿಕೊಡಿ ಎಂದ.

ಹುಡುಕುತ್ತಿದ್ದೇನೆ. ಮುಳಿ ಕೊಯ್ದು ಸೂಡಿ ಕಟ್ಟಿ ಆಗಿದೆ, ಬಿದಿರೂ ಬಂದಿದೆ. ಹಾಲಾಡಿ ಕಡೆಯ ಒಬ್ಬರು ಸಿಕ್ಕಿದ್ದಾರೆ, ಎಪ್ಪತ್ತೆಂಟು ವರ್ಷ, ಸೂಜಿ ತಾವೇ ಕೆತ್ತಿ ಕೊಡುತ್ತಾರೆ, ಮಾಡು ಹತ್ತಲಾರರು. ತಗ್ಗರ್ಸೆ ಹತ್ತಿರದ ಇನ್ನೊಬ್ಬರು ಕೆಳಗೆ ನಿಂತು ಹೇಳಿಕೊಡಬಲ್ಲರು. ಒಳಗೆ ಕೂತು ಸೂಜಿ ನೂಕಲು ನಾನಿದ್ದೇನೆ, ಈ ಸಲ ಕನ್ನಡಕ ಹಾಕಿಕೊಂಡು. ಬೇಕಾಗಿರುವುದು ಮೇಲೆ ಹತ್ತುವ ಒಬ್ಬರು. ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ಎಲ್ಲಿಯವರಾದರೂ ಸರಿ, ನಿಮಗೆ ಗೊತ್ತಿದ್ದರೆ ತಿಳಿಸಿ. ಕೆಲಸ ಏಪ್ರಿಲ್ ಎರಡನೇ ವಾರದಿಂದ, ಆರು ದಿನ. ಕೂಲಿ ಆಯಾ ದಿನವೇ ಕೈಗೆ, ಊಟ ಚಾ ಬೇರೆ.